ಗುಟ್ಟು ಹೊರಬೀಳುವ ಬಗೆಗಳು: ರಿವೀಲ್, ಡಿಸ್‌ಕ್ಲೋಸ್, ಡೈವಲ್ಜ್, ಬಿಟ್ರೇ

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಲ್ಲಿ ತೆಂಗಿನ ತೋಟದವರ ಮನೆಗೆ ಹೋದರೆ ಮಗಳ ಮದುವೆಗೆ ಎಷ್ಟು ಖರ್ಚಾಯಿತು ಅಂತ ಕೇಳಬಹುದು, ಕೊಳವೆಬಾವಿ ಎಷ್ಟು ಅಡಿಗೆ ಇಳಿಯಿತು ಅಂತಲೂ ಕೇಳಬಹುದು. ಅಟ್ಟದ ಮೇಲೆ ಎಷ್ಟು ಕಾಯಿ ಇದೆ ಅಂತ ಕೇಳಿದರೆ ಮಾತ್ರ ಮಾತು ಬೇರೆ ಕಡೆ ಹೊರಳುತ್ತದೆ.

"ಏನಣ್ಣ, ಈ ಸಲ ಅಟ್ಟಕ್ಕೆ ಎಷ್ಟು ಸಾವ್ರ ಏರ್ಸಿದ್ರಿ?"

"ಎಲ್ಲಿ ಬಂತು ಬಿಡಪ್ಪ, ಅರ್ಧಕ್ಕರ್ಧ ನುಸಿ ತಿಂದೋಯ್ತು. ಮೊದ್ಲು ಕಾಫಿ ಕುಡಿ."

ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಎಂಟು-ಹತ್ತು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ದರ ಏರಲಿ ಅಂತ ಕಾಯುವವನು ಅಟ್ಟದ ಲೆಕ್ಕವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ವ್ಯಾಪಾರಿಗೆ ಗೊತ್ತಾದರೆ ಚೌಕಾಸಿ, ನೆಂಟರಿಗೆ ಗೊತ್ತಾದರೆ ಕೈಸಾಲ.

ಆದರೂ ಲೆಕ್ಕ ಹೊರಗೆ ಬಿದ್ದೇ ಬೀಳುತ್ತದೆ. ಮನೆಯಾಕೆ ತವರಿನಿಂದ ಬಂದ ಅಕ್ಕನ ಹತ್ತಿರ ಹೇಳಿಕೊಳ್ಳುತ್ತಾಳೆ. ಮೂರನೇ ಕ್ಲಾಸಿನ ಹುಡುಗ ಅಂಗಡಿಯ ಮುಂದೆ ಬಾಯಿ ತಪ್ಪಿ ಅಂದುಬಿಡುತ್ತಾನೆ. ಕಾಯಿ ಏರಿಸಿದ ಆಳು ಬೀಡಿ ಸೇದುತ್ತ ಎದುರು ಮನೆಯವನಿಗೆ ಉಸುರುತ್ತಾನೆ. ಸಾಲಕ್ಕೆ ಅರ್ಜಿ ಹಾಕುವಾಗ ಯಜಮಾನನೇ ಕೈಯಾರೆ ಬರೆದುಕೊಡುತ್ತಾನೆ. ಇದೇ ಸಂಗತಿ ಪತ್ರಿಕೆಯ ಭಾಷೆಗೆ ಬಂದರೆ ನಾಲ್ಕೂ 'ಬಹಿರಂಗ' ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತವೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ, ಮಾಡದ ತಪ್ಪು ಹೇಳಿದವನ ತಲೆಗೆ ಬರುತ್ತದೆ, ಇಲ್ಲವೇ ಮಾಡಿದ ತಪ್ಪು ನುಣುಚಿಕೊಳ್ಳುತ್ತದೆ. ಪರೀಕ್ಷೆಗೆ ಓದುವವರು, ಕಚೇರಿಯಲ್ಲಿ ಪತ್ರ ಬರೆಯುವವರು, ಸುದ್ದಿ ಅನುವಾದ ಮಾಡುವವರು ಎಡವುವುದು ಇಲ್ಲೇ.

ಎಲ್ಲಕ್ಕಿಂತ ಸಲೀಸಾದದ್ದು ರಿವೀಲ್. ಲ್ಯಾಟಿನ್ನಿನಲ್ಲಿ 'ವೇಲಮ್' ಅಂದರೆ ತೆರೆ, ಮುಸುಕು. ಅದನ್ನು ಸರಿಸುವುದೇ ರಿವೀಲ್. ಎಸ್. ಎಲ್. ಭೈರಪ್ಪನವರು ಹುಟ್ಟಿದ ಸಂತೇಶಿವರ ಇರುವುದು ಇದೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. 2007ರ ಅವರ 'ಆವರಣ' ಕಾದಂಬರಿ ಇಂಗ್ಲಿಷಿಗೆ ಹೋದಾಗ ಹೆಸರಿನ ಪಕ್ಕ 'ದಿ ವೇಲ್' ಅಂತ ಸೇರಿತು. ಆ ವೇಲ್ ಮತ್ತು ರಿವೀಲ್ ಒಂದೇ ಬೇರಿನವು. ಮುಸುಕಿನ ಹಿಂದೆ ಇದ್ದದ್ದು ಕಣ್ಣಿಗೆ ಬೀಳುವುದಷ್ಟೇ ಈ ಪದಕ್ಕೆ ಮುಖ್ಯ. ಮುಸುಕು ಹಾಕಿದ್ದು ಯಾರು, ತೆಗೆದದ್ದು ಸರಿಯೋ ತಪ್ಪೋ ಅನ್ನುವ ಗೊಡವೆಗೆ ಅದು ಹೋಗುವುದಿಲ್ಲ. ಹಾಗಾಗಿ ರಿವೀಲ್ ಮಾಡುವುದಕ್ಕೆ ಮನುಷ್ಯನೇ ಬೇಕೆಂದಿಲ್ಲ. ಎಕ್ಸ್-ರೇ ಮೂಳೆಯ ಬಿರುಕನ್ನು ರಿವೀಲ್ ಮಾಡುತ್ತದೆ, ತನಿಖೆ ಅವ್ಯವಹಾರವನ್ನು ರಿವೀಲ್ ಮಾಡುತ್ತದೆ. ತಾಲ್ಲೂಕಿನ ಶ್ರವಣಬೆಳಗೊಳವನ್ನೇ ನೋಡಿ. 1889ರಲ್ಲಿ ಬಿ. ಎಲ್. ರೈಸ್ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ ಬರುವ ಹೊತ್ತಿಗೆ ಸಂಖ್ಯೆ 500ಕ್ಕೆ ಏರಿತ್ತು. ಹುಡುಕಾಟ ಹೊಸ ಶಾಸನಗಳನ್ನು ರಿವೀಲ್ ಮಾಡಿತು ಅಂತ ಬರೆಯಬಹುದು. ಡೈವಲ್ಜ್ ಮಾಡಿತು ಅಂತ ಬರೆದರೆ ಇಂಗ್ಲಿಷ್ ಬಲ್ಲವರು ನಗುತ್ತಾರೆ, ಯಾಕೆಂದರೆ ಕಲ್ಲಿಗೆ ಯಾರೂ ಗುಟ್ಟು ಒಪ್ಪಿಸಿರಲಿಲ್ಲ.

ಡೈವಲ್ಜ್ ಮಾಡಬೇಕಾದರೆ ಬಾಯಿ ಬೇಕು, ಆ ಬಾಯಿಯನ್ನು ನಂಬಿ ಯಾರೋ ಏನನ್ನೋ ಹೇಳಿರಬೇಕು. ಇದರ ಬೇರು 'ವುಲ್ಗಸ್', ಅಂದರೆ ಜನಸಾಮಾನ್ಯರು. ಒಳಗೆ ಉಳಿಯಬೇಕಾದದ್ದನ್ನು ನಾಲ್ಕು ಜನರ ನಡುವೆ ಹಾಕುವುದು. ನಮ್ಮ 'ಬಯಲು ಮಾಡು' ಇದಕ್ಕೆ ತೀರ ಹತ್ತಿರ. ಪದದ ಸ್ವಭಾವ ತಿಳಿಯಬೇಕಾದರೆ ನಿಘಂಟಿಗಿಂತ ಒಂದು ಕಾಯಿದೆ ಹೆಚ್ಚು ನೆರವಾಗುತ್ತದೆ. 1969ರ ಜುಲೈ 19ರಂದು ಕೆನರಾ ಬ್ಯಾಂಕೂ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವಲ್ಲ, ಆಮೇಲೆ ಬಂದ 1970ರ ಕಾಯಿದೆಯ 13ನೇ ಕಲಮನ್ನು ತೆಗೆದು ನೋಡಿ. ಗ್ರಾಹಕರ ವ್ಯವಹಾರದ ಮಾಹಿತಿಯನ್ನು ಬ್ಯಾಂಕು ಹೊರಗೆ ಬಿಡಬಾರದು ಅನ್ನುವಲ್ಲಿ ಅದು ಬಳಸಿದ ಪದ ಡೈವಲ್ಜ್. ಕೆಲಸಕ್ಕೆ ಸೇರುವ ಮೊದಲು ನೌಕರರು ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕಬೇಕು ಅಂತಲೂ ಅದೇ ಕಲಮು ಹೇಳುತ್ತದೆ. ಊರಿನ ಬ್ಯಾಂಕಿನಲ್ಲಿ ಯಾರಾದರೂ ಕೌಂಟರಿಗೆ ಒರಗಿ "ಸರ್, ನಮ್ ದೊಡ್ಡಪ್ಪನ ಮಗ ಎಷ್ಟು ಬೆಳೆಸಾಲ ಎತ್ತವ್ನೆ?" ಅಂತ ಮೆತ್ತಗೆ ಕೇಳಿದರೆ ಗುಮಾಸ್ತರು ಬಾಯಿ ಬಿಡಬಾರದು. ಬಿಟ್ಟರೆ ಅದು ಡೈವಲ್ಜ್. ಆ ಪದ 'ಮಾಡಲಿಲ್ಲ', 'ಮಾಡಲು ಒಪ್ಪಲಿಲ್ಲ', 'ಮಾಡಬಾರದು' ಎಂಬ ನಿಷೇಧದ ಜೊತೆಗೇ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಕಾರಣವೂ ಇದೇ.

ಅದೇ ಬ್ಯಾಂಕಿನಲ್ಲಿ ಸಾಲದ ಅರ್ಜಿಗೆ ಕೂತ ರೈತ ತನ್ನ ಹಳೆಯ ಸಾಲಗಳನ್ನು ತಾನೇ ಬರೆಯುವುದು ಡಿಸ್‌ಕ್ಲೋಸ್. ಬೇರನ್ನು ನೋಡಿದರೆ ಮುಚ್ಚಿದ್ದನ್ನು ತೆರೆಯುವುದು ಅಂತಲೇ ಅರ್ಥ. ಬಳಕೆಯಲ್ಲಿ ಅದಕ್ಕೆ ಕಚೇರಿಯ ಗಾಂಭೀರ್ಯ ಬಂದಿದೆ. ತಿಳಿಸುವ ಹೊಣೆ, ನಿಯಮ, ನಮೂನೆ, ಇವುಗಳಲ್ಲಿ ಏನಾದರೊಂದು ಅದರ ಹಿಂದೆ ಇರುತ್ತದೆ. ಚುನಾವಣೆಗೆ ನಿಲ್ಲುವವರು ನಾಮಪತ್ರದ ಜೊತೆ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳನ್ನು ಬರೆಯುತ್ತಾರೆ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದ ಕಟ್ಟಳೆ ಇದು. ಆ ಅಭ್ಯರ್ಥಿ ಆಸ್ತಿಯನ್ನು ಡಿಸ್‌ಕ್ಲೋಸ್ ಮಾಡಿದರು ಅನ್ನುವುದು ಸರಿಯಾದ ಮಾತು. ನಮ್ಮ ಚಾನೆಲ್ಲುಗಳು 'ಕೋಟಿ ಕೋಟಿ ಆಸ್ತಿ ಬಯಲು' ಅಂತ ಹಾಕುತ್ತವೆ. ತಾನೇ ಬರೆದು ಸಹಿ ಹಾಕಿ ಕೊಟ್ಟದ್ದು ಬಯಲಾಗುವುದು ಹೇಗೆ?

ಈ ಪದದ ವ್ಯಾಪ್ತಿ ತಿಳಿಯಲು ಮಾಹಿತಿ ಹಕ್ಕು ಕಾಯಿದೆಯಷ್ಟು ಒಳ್ಳೆಯ ಪಠ್ಯ ಇಲ್ಲ. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯಿದೆ ಮಾಡಿಕೊಂಡಿತ್ತು. ಕೇಂದ್ರದ ಕಾಯಿದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಗೆ ಬಂತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ಯಾಕೆ ಬೇಕು ಅಂತ ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ. ಮಾಹಿತಿ ಕೊಡುವುದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದು ಅನ್ನುವ 8ನೇ ಕಲಮಿನ ಮಾತು 'ಡಿಸ್‌ಕ್ಲೋಷರ್' ಎಂಬ ಪದದ ಮೇಲೇ ನಿಂತಿದೆ. ಈಗ ಪಂಚಾಯಿತಿಯಲ್ಲಿ ಚರಂಡಿ ಕಾಮಗಾರಿಯ ಬಿಲ್ಲಿನ ಪ್ರತಿ ಬೇಕು ಅಂತ ಅರ್ಜಿ ಕೊಟ್ಟಿದ್ದೀರಿ ಅಂದುಕೊಳ್ಳಿ. ಪಿಡಿಒ ಗಡುವಿನೊಳಗೆ ಪ್ರತಿ ಕೊಟ್ಟರೆ ಅವರು ಡಿಸ್‌ಕ್ಲೋಸ್ ಮಾಡಿದರು. ರಿವೀಲ್ ಮಾಡಿದರು ಅಂತ ಬರೆದರೆ ಅದುವರೆಗೆ ಏನನ್ನೋ ಬಚ್ಚಿಟ್ಟಿದ್ದರು ಎಂಬ ವಾಸನೆ ಬರುತ್ತದೆ. ಲೀಕ್ ಮಾಡಿದರು ಅಂದರೆ ಮೇಲಿನವರ ಕಣ್ಣು ತಪ್ಪಿಸಿ ಕೊಟ್ಟರು ಅಂತಾಗುತ್ತದೆ. ಬಿಲ್ಲು ಅದೇ, ಕೈ ಅದೇ. ಕೊಟ್ಟವರ ನೌಕರಿಯ ಮಾನ ಮಾತ್ರ ನೀವು ಆರಿಸುವ ಕ್ರಿಯಾಪದದ ಮೇಲೆ ನಿಂತಿರುತ್ತದೆ.

ಸಂವಿಧಾನ ಬರೆದವರು ಮಂತ್ರಿಗಳಿಗೆ ಬೇರೆ ಪದ ಆರಿಸಿದರು. ಹೊಳೆನರಸೀಪುರದಿಂದ 1962ರಲ್ಲಿ ಪಕ್ಷೇತರರಾಗಿ ಗೆದ್ದು ಹೋದ ಎಚ್. ಡಿ. ದೇವೇಗೌಡರು ಆಗ ಶಾಸಕರಾಗಿ ತೆಗೆದುಕೊಂಡ ಪ್ರಮಾಣದಲ್ಲಿ ಗೋಪ್ಯತೆಯ ಮಾತೇ ಇಲ್ಲ. ಮೂರನೇ ಅನುಸೂಚಿಯಲ್ಲಿ ಶಾಸಕರ ನಮೂನೆಯೇ ಹಾಗಿದೆ. 1994ರ ಡಿಸೆಂಬರ್ 11ರಂದು ಮುಖ್ಯಮಂತ್ರಿಯಾದಾಗ, 1996ರ ಜೂನ್ 1ರಂದು ಪ್ರಧಾನಿಯಾದಾಗ ಅವರು ಅಧಿಕಾರದ ಪ್ರಮಾಣದ ಬೆನ್ನಿಗೇ ಗೋಪ್ಯತೆಯ ಪ್ರಮಾಣವನ್ನೂ ಓದಬೇಕಾಯಿತು. ಮಂತ್ರಿಯಾಗಿ ತಿಳಿದ ವಿಷಯವನ್ನು ನೇರವಾಗಲಿ ಬಳಸುದಾರಿಯಲ್ಲಾಗಲಿ ಯಾರಿಗೂ ತಿಳಿಸುವುದಿಲ್ಲ, ಹೊರಗೆಡಹುವುದಿಲ್ಲ ಅನ್ನುವುದು ಅದರ ತಿರುಳು. ಇಂಗ್ಲಿಷ್ ಪಾಠದಲ್ಲಿರುವ ಜೋಡಿ ಕಮ್ಯುನಿಕೇಟ್ ಮತ್ತು ರಿವೀಲ್. ಯಾಕೆ ಎರಡು? ಬಾಯಿಬಿಟ್ಟು ಹೇಳುವುದು, ಕಾಗದ ದಾಟಿಸುವುದು ಕಮ್ಯುನಿಕೇಟ್. ಏನೂ ಹೇಳದೆ ಕಡತವನ್ನು ಮೇಜಿನ ಮೇಲೆ ತೆರೆದಿಟ್ಟು ಎದ್ದುಹೋದರೆ? ರಿವೀಲ್ ಆ ಕಿಂಡಿಯನ್ನು ಮುಚ್ಚುತ್ತದೆ ಅಂತ ನನ್ನ ಓದು. 1923ರ ಅಧಿಕೃತ ರಹಸ್ಯ ಕಾಯಿದೆಯೂ 5ನೇ ಕಲಮಿನಲ್ಲಿ ಕಮ್ಯುನಿಕೇಟ್ ಅನ್ನೇ ನೆಚ್ಚಿಕೊಂಡಿದೆ. ಮತಗಟ್ಟೆ ಅಧಿಕಾರಿ ಮತದಾನದ ಗೋಪ್ಯತೆ ಕಾಯಬೇಕು ಅನ್ನುವ 1951ರ ಪ್ರಜಾಪ್ರತಿನಿಧಿ ಕಾಯಿದೆಯ 128ನೇ ಕಲಮೂ ಅಷ್ಟೇ.

ಗಂಡ ಹೆಂಡಿರ ಮಾತಿಗೂ ಕಾನೂನಿನಲ್ಲಿ ಜಾಗವಿದೆ. ಮದುವೆಯಾದ ಮೇಲೆ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ಡಿಸ್‌ಕ್ಲೋಸ್ ಮಾಡು ಅಂತ ಕೋರ್ಟು ಬಲವಂತ ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯ 122ನೇ ಕಲಮಿನಲ್ಲಿದ್ದ ಈ ರಕ್ಷಣೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೇ ಕಲಮಾಗಿ ಮುಂದುವರಿದಿದೆ. ಅವರಿಬ್ಬರ ನಡುವಿನ ವ್ಯಾಜ್ಯ, ಒಬ್ಬರು ಇನ್ನೊಬ್ಬರ ಮೇಲೆ ಎಸಗಿದ ಅಪರಾಧದ ಮೊಕದ್ದಮೆಗಳಿಗೆ ಇದು ಅನ್ವಯಿಸುವುದಿಲ್ಲ. ಅಟ್ಟದ ಲೆಕ್ಕವನ್ನು ಯಜಮಾನ ಹೆಂಡತಿಗೆ ಹೇಳಿದರೆ ಕೋರ್ಟಿನ ಭಯವಿಲ್ಲ. ತವರಿನ ಅಕ್ಕನ ಭಯವಷ್ಟೇ.

ಆ ಅಕ್ಕನ ಹತ್ತಿರ ಆಕೆ ಮಾಡಿದ್ದು ಕನ್‌ಫೈಡ್. ನಂಬಿಕೆಯಿಂದ ಒಬ್ಬರಿಗೆ ಮಾತ್ರ ಹೇಳಿಕೊಳ್ಳುವುದು. ಇಲ್ಲಿ ಕನ್ನಡದ ಒಂದು ಚಮತ್ಕಾರ ನೋಡಿ. ಇಂಗ್ಲಿಷ್ ಬೇರೆ ಬೇರೆ ಧಾತು ತಂದು ಮಾಡುವ ಕೆಲಸವನ್ನು ನಾವು 'ಹೇಳು' ಎಂಬ ಒಂದೇ ಧಾತುವಿಗೆ ಬಾಲ ಕಟ್ಟಿ ಮುಗಿಸುತ್ತೇವೆ. ಹೇಳಿಕೊಂಡಳು ಅಂದರೆ ಕನ್‌ಫೈಡ್: ಮನಸ್ಸಿನ ಭಾರ ಇಳಿಸಿಕೊಂಡಳು ಅನ್ನುವುದು 'ಕೊಳ್ಳು'ವಿನಲ್ಲೇ ಬಂತು. ಹೇಳಿಬಿಟ್ಟ ಅಂದರೆ ತಡೆಯಲಾರದೆ ಉದುರಿಸಿದ. ಸಿಟ್ಟೋ ಗಾಬರಿಯೋ ಇದ್ದು ಒಮ್ಮೆಗೇ ಬಾಯಿಂದ ಹಾರಿದರೆ ಬ್ಲರ್ಟ್ ಔಟ್. ಅರಿವಿಲ್ಲದೆ ಮಾತಿನ ನಡುವೆ ಜಾರಿದರೆ ಲೆಟ್ ಸ್ಲಿಪ್, ಅಂದರೆ ನಮ್ಮ ಮೂರನೇ ಕ್ಲಾಸಿನ ಹುಡುಗ ಮಾಡಿದ್ದು. 'ಬಾಯಿಬಿಟ್ಟ' ಅಂದಕೂಡಲೇ ಪೊಲೀಸ್ ಠಾಣೆ ನೆನಪಾಗುತ್ತದೆ. ಅದು ಕನ್‌ಫೆಸ್. ಪತ್ರಿಕೆಗಳಲ್ಲಿ ಆರೋಪಿ ದಿನಾ ಬಾಯಿಬಿಡುತ್ತಿರುತ್ತಾನೆ. ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಬೀತುಪಡಿಸಲು ಬರುವುದಿಲ್ಲ. ಅವನ ಮಾತಿನಿಂದ ಹೊಸ ಸಂಗತಿ ಪತ್ತೆಯಾಗಿದ್ದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತದೆ.

ಎಲ್ಲಕ್ಕಿಂತ ಕಹಿಯಾದದ್ದು ಬಿಟ್ರೇ. ಹಿಡಿದು ಒಪ್ಪಿಸು ಅನ್ನುವ ಲ್ಯಾಟಿನ್ ಬೇರಿನದು. ಇದರ ಕರ್ಮದ ಜಾಗದಲ್ಲಿ ಗುಟ್ಟೂ ಕೂರಬಹುದು, ಮನುಷ್ಯನೂ ಕೂರಬಹುದು. ಗುಟ್ಟನ್ನು ಬಿಟ್ರೇ ಮಾಡಿದವನು ಆ ಗುಟ್ಟಿನ ಒಡೆಯನನ್ನೂ ಬಿಟ್ರೇ ಮಾಡಿದ ಹಾಗೆ. ಡೈವಲ್ಜ್‌ನಲ್ಲಿ ಇರುವುದು ಬಾಯಿಯ ತಪ್ಪು, ಬಿಟ್ರೇಯಲ್ಲಿ ದ್ರೋಹ. ಉಂಡ ಮನೆಯ ಲೆಕ್ಕವನ್ನು ವ್ಯಾಪಾರಿಗೆ ಮುಟ್ಟಿಸಿ ನೂರು ರೂಪಾಯಿ ಇಸಕೊಂಡ ಆಳಿಗೆ ಈ ಪದ ಸಲ್ಲುತ್ತದೆ. ಬೀಡಿ ಸೇದುತ್ತ ಸುಮ್ಮನೆ ಉಸುರಿದವನಿಗೆ ಇದು ಹೆಚ್ಚಾಯಿತು.

ಆದರೆ ಬಿಟ್ರೇಗೆ ಇನ್ನೊಂದು ಮುಖವಿದೆ, ಅಲ್ಲಿ ದ್ರೋಹದ ಸುಳಿವೂ ಇಲ್ಲ. ನಡುಗುವ ಕೈ ಭಯವನ್ನು ಬಿಟ್ರೇ ಮಾಡುತ್ತದೆ, ಉಚ್ಚಾರ ಊರನ್ನು ಬಿಟ್ರೇ ಮಾಡುತ್ತದೆ. ಗಿವ್ ಅವೇ ಅಂದರೂ ಇಲ್ಲಿ ನಡೆಯುತ್ತದೆ. ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರಿನ ಕುಳುಕುಳು ಕೇಳಿದರೆ ಇನ್ನೂ ಹಸಿ. ನೀರಿನ ಸದ್ದಿಲ್ಲದೆ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅಂದರೆ ಕೊಬ್ಬರಿ ಆಗಿದೆ. ಪಳಗಿದ ವ್ಯಾಪಾರಿ ಜಗಲಿಯಲ್ಲಿ ಕೂತೇ ಒಳಗೆ ಕಾಯಿ ಇಳಿಸುವ ಸದ್ದಿಗೆ ಕಿವಿ ಕೊಡುತ್ತಾನೆ. "ಇನ್ನೂ ಹಸಿ ಕಣಪ್ಪ" ಅನ್ನುವ ಯಜಮಾನನ ಸುಳ್ಳನ್ನು ಆ ಸದ್ದೇ ಬಿಟ್ರೇ ಮಾಡುತ್ತದೆ. 'ಮುಖವೇ ಹೇಳುತ್ತಿತ್ತು' ಅನ್ನುತ್ತೇವಲ್ಲ, ಅದೇ ಜಾಡು.

ಲೀಕ್ ನಮಗೆ ಹೇಳಿಕೊಡಬೇಕಾಗಿಲ್ಲ. 2016ರ ಮಾರ್ಚ್ 21ರ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿತು. ಮಾರ್ಚ್ 31ಕ್ಕೆ ಗೊತ್ತಾಗಿದ್ದ ಮರುಪರೀಕ್ಷೆಯದೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ಕ್ಕೆ. ಪತ್ರಿಕೆ ಸೋರಿತು ಅಂದಾಗ ಯಾರು ಸೋರಿಸಿದರು ಅನ್ನುವುದು ವಾಕ್ಯದಿಂದಲೇ ಮಾಯ. ಕನ್ನಡದ 'ಸೋರು', ಇಂಗ್ಲಿಷಿನ 'ಲೀಕ್' ಎರಡೂ ಈ ಸೌಕರ್ಯ ಕೊಡುತ್ತವೆ. ಇಲಾಖೆಗಳಿಗೆ ಈ ಸೌಕರ್ಯ ಇಷ್ಟ. ಬರೆಯುವವರು ಕರ್ತೃವನ್ನು ಕೇಳಬೇಕು. ಒಳಗಿನ ಭ್ರಷ್ಟಾಚಾರದ ಕಡತವನ್ನು ನೌಕರನೊಬ್ಬ ಹೊರಗೆ ಕೊಟ್ಟರೆ ಮೇಲಧಿಕಾರಿ ಲೀಕ್ ಅನ್ನುತ್ತಾರೆ. 2014ರ ಮಾಹಿತಿದಾರರ ರಕ್ಷಣಾ ಕಾಯಿದೆ, ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಕೊಟ್ಟ ಅಂಥ ದೂರನ್ನು 'ಸಾರ್ವಜನಿಕ ಹಿತದ ಡಿಸ್‌ಕ್ಲೋಷರ್' ಅಂತ ಕರೆಯುತ್ತದೆ. ಅದರಿಂದ ಹೊರಬಂದ ಹಗರಣವನ್ನು ಪತ್ರಿಕೆ ಎಕ್ಸ್‌ಪೋಸ್ ಮಾಡುತ್ತದೆ. ಎಕ್ಸ್‌ಪೋಸ್ ಆಗುವುದು ತಪ್ಪು, ಇಲ್ಲವೇ ತಪ್ಪು ಮಾಡಿದವನು. ಒಳ್ಳೆಯ ಸುದ್ದಿಯನ್ನು ಯಾರೂ ಎಕ್ಸ್‌ಪೋಸ್ ಮಾಡುವುದಿಲ್ಲ.

ಇನ್ನು ವಾಕ್ಯದ ಕಟ್ಟು. ಕನ್ನಡದಲ್ಲಿ 'ನನಗೆ ಗುಟ್ಟು ಹೇಳಿದ' ಅನ್ನುವ ರೂಢಿಯಿಂದ 'ಹಿ ರಿವೀಲ್ಡ್ ಮಿ ದ ಸೀಕ್ರೆಟ್' ಅಂತ ಬರೆದುಬಿಡುತ್ತೇವೆ. 'ಟೆಲ್' ಒಂದಕ್ಕೆ ಹಾಗೆ ನಡೆಯುತ್ತದೆ. ರಿವೀಲ್, ಡಿಸ್‌ಕ್ಲೋಸ್, ಡೈವಲ್ಜ್ ಮೂರಕ್ಕೂ ಗುಟ್ಟು ಮೊದಲು, ಆಮೇಲೆ 'ಟು' ಹಚ್ಚಿ ಕೇಳಿದವನು. 'ಅದರ ಬಗ್ಗೆ ಬಹಿರಂಗಪಡಿಸಿದರು' ಎಂಬ ನಮ್ಮ ರೂಢಿ 'ರಿವೀಲ್ಡ್ ಅಬೌಟ್ ಇಟ್' ಆಗಿ ಬರುತ್ತದೆ. ಆ 'ಅಬೌಟ್' ಅಲ್ಲಿ ಬೇಡ. ಕನ್‌ಫೈಡ್‌ಗೆ ಎರಡು ನಡೆ: ನಂಬಿದ ಮನುಷ್ಯನನ್ನು ಮುಂದಿಟ್ಟರೆ 'ಇನ್', ಗುಟ್ಟನ್ನು ಮುಂದಿಟ್ಟರೆ 'ಟು'. ಮಕ್ಕಳು ಮೇಷ್ಟ್ರ ಹತ್ತಿರ ಹೋಗಿ ಚಾಡಿ ಹೇಳುವುದು 'ಟೆಲ್ ಆನ್'. ಗುಂಪಿನಲ್ಲಿ ನಗುನಗುತ್ತ ಗುಟ್ಟು ರಟ್ಟಾದರೆ 'ಸ್ಪಿಲ್ ದ ಬೀನ್ಸ್'. ಇದನ್ನು ಸಾಲದ ಅರ್ಜಿಯಲ್ಲೋ ದೂರಿನಲ್ಲೋ ಬರೆಯಬೇಡಿ, ಹರಟೆಗಷ್ಟೇ ಸಾಕು.

ಪದದ ಆಯ್ಕೆ ನಿಜಕ್ಕೂ ಭಾರವಾಗುವುದು ನೊಂದವರ ವಿಷಯದಲ್ಲಿ. 2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಅದರ ಆಸುಪಾಸಿನಲ್ಲಿ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಎಸ್‌ಐಟಿ ರಚನೆಯಾಯಿತು, ಮೊಕದ್ದಮೆಗಳು ನಡೆದವು. ಆಗ ಒಂದೇ ಸುದ್ದಿಯೊಳಗೆ ಮೂರು ಬೇರೆ ಕ್ರಿಯೆಗಳಿದ್ದವು. ಅಪರಾಧ ಬೆಳಕಿಗೆ ಬಂದದ್ದು ಎಕ್ಸ್‌ಪೋಸ್. ವಿಡಿಯೊಗಳನ್ನು ಊರೂರಿಗೆ ಹಂಚಿದ್ದು ಲೀಕ್, ಅದರಲ್ಲಿ ಮುಖ ಕಂಡ ಹೆಣ್ಣುಮಕ್ಕಳ ಪಾಲಿಗೆ ಅದು ಇನ್ನೊಂದು ಅಪರಾಧ. ನೊಂದವರು ಪೊಲೀಸರ ಮುಂದೆ ನಡೆದದ್ದನ್ನು ಹೇಳಿದ್ದು ಡಿಸ್‌ಕ್ಲೋಸ್. ಇಂಗ್ಲಿಷಿನಲ್ಲಿ ವೈದ್ಯರು, ಆಪ್ತಸಮಾಲೋಚಕರು ನೊಂದವರ ಮಾತಿಗೆ ಬಳಸುವ ಮರ್ಯಾದೆಯ ಪದವೂ ಅದೇ. ಕನ್ನಡದಲ್ಲಿ 'ಸಂತ್ರಸ್ತೆ ಬಾಯಿಬಿಟ್ಟಳು', 'ಗುಟ್ಟು ರಟ್ಟು ಮಾಡಿದಳು' ಅಂತ ಬರೆದರೆ ತಪ್ಪಿತಸ್ಥೆಯ ಜಾಗದಲ್ಲಿ ಅವಳನ್ನೇ ಕೂರಿಸಿದಂತೆ. 'ತಿಳಿಸಿದರು', 'ಹೇಳಿಕೆ ಕೊಟ್ಟರು' ಸಾಕು.

ಅವರ ಹೆಸರಿನ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಹಿಂದಿನ ದಂಡ ಸಂಹಿತೆಯ 228ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಾಗಿದೆ. ತಲೆಬರಹದಲ್ಲಿ ಡಿಸ್‌ಕ್ಲೋಷರ್ ಅಂತಿದೆ. ಒಳಗೆ ಹೆಸರನ್ನಷ್ಟೇ ಅಲ್ಲ, ಗುರುತು ಸಿಗುವಂಥ ಯಾವ ವಿಷಯವನ್ನೂ ಮುದ್ರಿಸಬಾರದು, ಪ್ರಕಟಿಸಬಾರದು ಅಂತಿದೆ. ಶಿಕ್ಷೆ ಎರಡು ವರ್ಷದವರೆಗೆ. ಮಕ್ಕಳಾದರೆ ಪೋಕ್ಸೊ ಕಾಯಿದೆಯ 23ನೇ ಕಲಮು ವಿಳಾಸ, ಫೋಟೊ, ಶಾಲೆ, ನೆರೆಹೊರೆಯನ್ನೂ ಮಾಧ್ಯಮಗಳು ಡಿಸ್‌ಕ್ಲೋಸ್ ಮಾಡದಂತೆ ತಡೆಯುತ್ತದೆ. ಲೈಂಗಿಕ ದೃಶ್ಯದ ವಿಡಿಯೊವನ್ನು ವಾಟ್ಸ್‌ಆ್ಯಪಿನಲ್ಲಿ ಮುಂದಕ್ಕೆ ತಳ್ಳಿದವನು "ನಾನೇನೂ ಲೀಕ್ ಮಾಡಿಲ್ಲ, ಬಂದದ್ದನ್ನ ಕಳಿಸ್ದೆ ಅಷ್ಟೇ" ಅನ್ನಬಹುದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಕಲಮಿನಲ್ಲಿ ಲೀಕ್ ಎಂಬ ಪದವೇ ಇಲ್ಲ. ಅಲ್ಲಿರುವುದು ಪಬ್ಲಿಷ್ ಮತ್ತು ಟ್ರಾನ್ಸ್‌ಮಿಟ್, ಅಂದರೆ ಪ್ರಕಟಿಸುವುದು ಮತ್ತು ರವಾನಿಸುವುದು. ಮೊದಲ ಸಲ ತಪ್ಪು ಸಾಬೀತಾದರೆ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ.